ಕಾಶಪ್ಪನ ಪೆಟ್ಟಿಗೆ ಮತ್ತು ನಾಲ್ಕನೆಯ ಅಡಿಯ ನೀರು

ಬನಹಟ್ಟಿಯ ಕಾಂಚನಾಳಿಗೆ ಮದುವೆಯಾದ ಮೂರನೆಯ ವರ್ಷಕ್ಕೆ ಸವತಿ ಬಂದಳು. ಹಳದಿ ಮೈಬಣ್ಣ, ಚೌಕ ಮೋರೆ, ತೂಕ ಹದಿನಾಲ್ಕು ಕಿಲೋ. ಗಂಡ ಕಾಶಪ್ಪ ಅವಳನ್ನು ಮನೆಗೇನೂ ತರಲಿಲ್ಲ. ತರುವುದಕ್ಕೆ ಸರಕಾರದ ಅಪ್ಪಣೆ ಇರಲಿಲ್ಲ. ತಾನು ಕೆಲಸ ಮಾಡುವ ಮುಧೋಳ ದಾರಿಯ ಕಬ್ಬಿನ ಸಂಶೋಧನಾ ಕೇಂದ್ರದಲ್ಲಿ, ಎರಡು ಕೀಲಿ ಜಡಿದ ಕೋಣೆಯಲ್ಲಿ ಇಟ್ಟಿದ್ದ. ಆದರೇನು, ಇಪ್ಪತ್ತೇಳು ವರ್ಷ ಮನೆಯಲ್ಲಿ ಬೆಳಗಿನ ಚಹಾ ಕುಡಿಯುವಾಗಲೂ ಅವನ ಮನಸ್ಸು ಆ ಕೋಣೆಯಲ್ಲೇ ಇರುತ್ತಿತ್ತು. ಅದು ಮಣ್ಣಿನ ಆಳದಲ್ಲಿ ಎಷ್ಟು ನೀರಿದೆ ಎಂದು ಹೇಳುವ ನ್ಯೂಟ್ರಾನ್ ಯಂತ್ರ. ರೈತರ ಬಾಯಲ್ಲಿ ನೀರಿನ ಪೆಟ್ಟಿಗೆ.

ಯಂತ್ರ ಮುಟ್ಟುವವರು ಎದೆಯ ಮೇಲೊಂದು ಬಿಲ್ಲೆ ಸಿಕ್ಕಿಸಿಕೊಳ್ಳಬೇಕು. ಮೈಗೆ ಎಷ್ಟು ವಿಕಿರಣ ತಗುಲಿದೆ ಎಂದು ತಿಳಿಯಲು ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸುತ್ತಾರೆ. ಮೊದಲ ಸಲ ಆ ಬಿಲ್ಲೆ ತೋರಿಸಲೆಂದು ಕಾಶಪ್ಪ ಎದೆ ಸೆಟೆಸಿ ನಿಂತಾಗ ಕಾಂಚನಾ ಅಡಿಗೆಮನೆಯಿಂದಲೇ ನೋಡಿ, "ಬರೋಬ್ಬರಿ ಆತು ನೋಡ್ರಿ. ನನಗ ಕೊರಳಾಗ ತಾಳಿ, ನಿಮಗ ಎದಿ ಮ್ಯಾಲ ಬಿಲ್ಲಿ. ಆಕಿ ಕಟ್ಟಿದ್ದು ನನಗಿಂತ ಗಟ್ಟಿ ಐತಿ," ಎಂದಿದ್ದಳು.

ಕಾಶಪ್ಪ ಹುಟ್ಟಿದ್ದು ನೇಕಾರರ ಮನೆಯಲ್ಲಿ. ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮು. ಅವುಗಳ ಸದ್ದಿಗೆ ಮಲಗಿ, ಸದ್ದು ನಿಂತರೆ ಎಚ್ಚರವಾಗುವ ಕೂಸು. ಆದರೆ ಮಗ್ಗದ ಮುಂದೆ ನಿಲ್ಲಿಸಿದರೆ ಅವನಂಥ ಅನಾಹುತ ಮತ್ತೊಂದಿರಲಿಲ್ಲ. ಭೂತಗನ್ನಡಿ ಹಿಡಿದು ಇಂಚಿಗೆ ಎಷ್ಟು ಎಳೆ ಎಂದು ಎಣಿಸುತ್ತ ನಿಂತನೆಂದರೆ ಅತ್ತ ನೂಲು ಕಡಿದು ಗೇಣುದ್ದ ಬಟ್ಟೆ ಹಾಳಾದರೂ ತಿಳಿಯುತ್ತಿರಲಿಲ್ಲ. "ಇವನ ಕೈಯಾಗ ಸೀರಿ ಮುಗಿಯಂಗಿಲ್ಲ, ಲೆಕ್ಕಾ ಅಷ್ಟ ಮುಗೀತೈತಿ," ಎಂದು ಅಪ್ಪ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ಆ ಅಪ್ಪ ಒಂದು ಮಾತು ದಿನಾ ಹೇಳುತ್ತಿದ್ದ: "ಎಳಿ ಎಣಸು, ಬ್ಯಾಡನ್ನಂಗಿಲ್ಲ. ಆದ್ರ ಎಣಿಸಿದ ಮ್ಯಾಲ ಬಟ್ಟಿ ಮುಟ್ಟಿ ನೋಡು. ಕಣ್ಣು ಲೆಕ್ಕಾ ಹೇಳತೈತಿ, ಕೈ ಖರೆ ಹೇಳತೈತಿ." ಮಗ ಅದರಲ್ಲಿ ಮೊದಲಿನ ಎರಡು ಶಬ್ದ ಮಾತ್ರ ಕಲಿತ.

ಬಿ.ಎಸ್ಸಿ.ಯನ್ನು ಎರಡು ಸಲ ಬರೆದು ಒಂದು ಸಲ ಪಾಸಾಗಿ, ಸಂಶೋಧನಾ ಕೇಂದ್ರದಲ್ಲಿ ತಂತ್ರಜ್ಞನ ಕೆಲಸ ಹಿಡಿದ. ಯಂತ್ರ ಬಂದಾಗ ಎಂಟು ದಿನದ ತರಬೇತಿಗೆಂದು ಅವನನ್ನೇ ಮುಂಬೈಗೆ ಕಳಿಸಿದರು. ಮುಂಬೈಗೆ ಹೋದವರು ಹಲ್ವಾ ತರುತ್ತಾರೆ. ಈ ಪುಣ್ಯಾತ್ಮ ನ್ಯೂಟ್ರಾನಿನ ಕತೆ ತಂದ, ಮತ್ತು ಅದನ್ನು ಕಂಡವರಿಗೆಲ್ಲ ಹಂಚಿದ. ತೇರದಾಳದ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರೂ ತಪ್ಪಿಸಿಕೊಂಡಿಲ್ಲ.

"ನೋಡ್ರಿ, ಪೆಟ್ಟಿಗ್ಯಾಗ ಬಟಾಣಿಕಾಳಿನಷ್ಟು ಗುಳಿಗಿ ಐತಿ. ಅದರಿಂದ ನ್ಯೂಟ್ರಾನ್ ಹೊಂಡತಾವು. ಭಾಳ ಅವಸರದ ಮಂದಿ! ಸೆಕೆಂಡಿಗಿ ಇಪ್ಪತ್ತ ಸಾವಿರ ಕಿಲೋಮೀಟರ್ ಓಡತಾವು. ಗೋಲಿ ತಗೊಂಡು ದೊಡ್ಡ ಬಂಡಿಗಲ್ಲಿಗಿ ಹೊಡದ್ರ ಏನಾಕ್ಕೈತಿ? ಬಂದಷ್ಟ ಜೋರಿಲೆ ತಿರುಗಿ ಹೋಗತೈತಿ. ಮಣ್ಣಾಗಿನ ಕಲ್ಲು, ಉಸುಕು, ಕಬ್ಬಿಣ ಎಲ್ಲಾ ಹಂಗ. ಆದ್ರ ಗೋಲಿಗಿ ಗೋಲಿನ ಹೊಡದ್ರ? ಹೊಡದದ್ದು ನಿಂದರತೈತಿ, ನಿಂತದ್ದು ಓಡತೈತಿ. ನೀರಾಗಿನ ಹೈಡ್ರೋಜನ್ನಿನ ತೂಕ ನ್ಯೂಟ್ರಾನಿನ ತೂಕದಷ್ಟ. ಅದಕ್ಕೊಂದ ಇಪ್ಪತ್ತ ಸಲ ಡಿಕ್ಕಿ ಹೊಡೀತು ಅಂದ್ರ ಸೊಕ್ಕೆಲ್ಲಾ ಇಳದು ಮೆತ್ತಗಾಕ್ಕೈತಿ. ಹಂಗ ಮೆತ್ತಗಾಗಿ ತಿರುಗಿ ಬಂದವನ್ನ ಪೆಟ್ಟಿಗಿ ಎಣಸತೈತಿ. ಎಣಿಕಿ ಹೆಚ್ಚು ಬಂತು, ನೀರು ಹೆಚ್ಚೈತಿ. ಕಡಿಮಿ ಬಂತು, ಮಣ್ಣು ಒಣಗೇತಿ."

"ಎಣಿಸಿದ ಮ್ಯಾಲ ಅವು ಎಲ್ಲಿ ಹೋಗತಾವ್ರಿ?" ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಮುಗಿಯಿತು, ಅವರು ಇಳಿಯುವ ಊರು ಹಿಂದೆ ಉಳಿಯುತ್ತಿತ್ತು. ಯಾಕೆಂದರೆ ಕಾಶಪ್ಪನಿಗೆ ಎಲ್ಲಕ್ಕಿಂತ ಪ್ರೀತಿಯ ಭಾಗ ಅದು. ಮುಂಬೈಯಲ್ಲಿ ಮೇಷ್ಟ್ರು ಒಂದು ಮೇಣದ ದಿಮ್ಮಿಯ ಲೆಕ್ಕ ಹೇಳಿಕೊಟ್ಟಿದ್ದರಂತೆ. ದಿಮ್ಮಿಯೊಳಗೆ ಒಂದು ಹಿಡಿ ನ್ಯೂಟ್ರಾನುಗಳನ್ನು ಒಮ್ಮೆಲೇ ಬಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಉಳಿದವು ಎಂದು ನೋಡುವುದು. ಒಂದಿಷ್ಟು ಹೊತ್ತಿಗೆ ಅರ್ಧ ಉಳಿಯುತ್ತವೆ, ಮತ್ತೆ ಅಷ್ಟೇ ಹೊತ್ತಿಗೆ ಅರ್ಧದಲ್ಲಿ ಅರ್ಧ, ಹೀಗೇ ಇಳಿಯುತ್ತ ಹೋಗುತ್ತವೆ. ಕೆಲವನ್ನು ಮೇಣವೇ ನುಂಗುತ್ತದೆ, ಕೆಲವು ಅಂಚಿನಿಂದ ಹೊರಗೆ ಜಾರುತ್ತವೆ. ದಿಮ್ಮಿ ಸಣ್ಣದಿದ್ದಷ್ಟೂ ಬೇಗ ಬರಿದು. ಎಲ್ಲ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಇನ್ನೊಂದು ಮಜಾ ಏನೆಂದರೆ, ಜಾರುವವು ಅವಸರದವು. ಹಾಗಾಗಿ ಹೊತ್ತು ಹೋದಂತೆ ಒಳಗೆ ಉಳಿದವೆಲ್ಲ ನಿಧಾನದವು.

ಇದನ್ನು ಕೇಳಿ ಕಾಂಚನಾ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. "ಇದನ್ನ ಕಲಿಯಾಕ ಮುಂಬೈತನಾ ಹೋಗಿದ್ರಿ? ಲಗ್ನದ ಮನ್ಯಾಗ ಊಟ ಆದ ಮ್ಯಾಲ ಹಂಗ ಅಲ್ಲೇನ್ರಿ? ಅವಸರದವರು ಕೈ ಒಣಗೂದ್ರಾಗ ಹೊಂಟ ಬಿಡತಾರ. ನಿಮ್ಮಂಥವರು ಭಾಂಡೆ ತೊಳಿಯೂತನಾ ಕುಂಡರತಾರ."

ರೈತರೂ ಕತೆ ಕೇಳುತ್ತಿದ್ದರು. ಕೇಳಿ, ಚಹಾ ಕುಡಿಸಿ, "ಭಾರಿ ಐತ್ರಿ ನಿಮ್ಮ ಪೆಟ್ಟಿಗಿ" ಎಂದು ಹೊಗಳಿ, ಕಾಶಪ್ಪನ ಜೀಪು ತಿರುವು ದಾಟುವ ಮೊದಲೇ ಮೋಟರು ಚಾಲು ಮಾಡುತ್ತಿದ್ದರು. ನೀರು ಬೇಕೋ ಬೇಡವೋ ಎಂದು ಕಬ್ಬನ್ನು ಕೇಳುವ ಪದ್ಧತಿ ಅಲ್ಲಿಲ್ಲ, ಕರೆಂಟನ್ನು ಕೇಳುವ ಪದ್ಧತಿ. ತ್ರೀ ಫೇಸ್ ಬಂತೋ, ನೀರು ಬಿಡು. ರೈತರೇ ಕೂಡಿ ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜಿನ ಪುಣ್ಯದಿಂದ ನೀರಿಗೆ ಬರ ಇರಲಿಲ್ಲ. ಹೊಟ್ಟೆ ತುಂಬಿದ ಮೇಲೆ ಹುಗ್ಗಿಯೂ ಮುಳ್ಳು ಎಂಬುದು ಮನುಷ್ಯರಿಗೆ ಗೊತ್ತು. ಪಾಪ, ಭೂಮಿಗೆ ಬಾಯಿಲ್ಲ. ಕುಡಿದೂ ಕುಡಿದೂ ಎಕರೆಗಟ್ಟಲೆ ಎರೆಹೊಲ ಸವಳಾಗಿ, ಉಪ್ಪು ಕಾರಿ, ಬೆಳ್ಳಗೆ ಬಿಳುಚಿಕೊಂಡು ಮಲಗಿತ್ತು. ಅದನ್ನು ನೋಡಿದಾಗಲೆಲ್ಲ ಕಾಶಪ್ಪನ ಕರುಳು ಚುರ್ ಎನ್ನುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಒಬ್ಬನೇ ಒಬ್ಬ ರೈತ ತಾನಾಗಿ ಬಂದು "ನಮ್ಮ ಹೊಲಕ್ಕೂ ಪೆಟ್ಟಿಗಿ ತರ್ರಿ" ಎಂದು ಕೇಳಿರಲಿಲ್ಲ.

ಈ ವರ್ಷ ಕೊನೆಯ ವರ್ಷ. ಮೇ ತಿಂಗಳಿಗೆ ಕಾಶಪ್ಪ ನಿವೃತ್ತ. ಪೆಟ್ಟಿಗೆಯ ಪರವಾನಗಿಯೂ ಮುಗಿಯುವುದರಲ್ಲಿತ್ತು, ಫೆಬ್ರುವರಿಯಲ್ಲೇ ಅದನ್ನು ಮುಂಬೈಗೆ ಕಳಿಸಬೇಕು. ಒಳಗಿನ ಗುಳಿಗೆಗೇನೂ ಆಗಿರಲಿಲ್ಲ, ಅದರ ಕಸುವು ಅರ್ಧಕ್ಕಿಳಿಯಲು ನಾನೂರ ಮೂವತ್ತು ವರ್ಷ ಬೇಕು. "ನಿಮ್ಮದು ಐವತ್ತೊಂಬತ್ತಕ್ಕ ಅರ್ಧಕ್ಕ ಬಂದೈತಿ," ಎಂದಳು ಕಾಂಚನಾ. ಹಳತಾದದ್ದು ಬ್ಯಾಟರಿ, ವೈರು ಮತ್ತು ಕಾಶಪ್ಪ.

ಹೋಗುವ ಮೊದಲು ಒಬ್ಬರಾದರೂ ನಂಬಲಿ ಎಂಬುದೊಂದೇ ಅವನ ಹಟ. ಕೇಂದ್ರದ ವಿಜ್ಞಾನಿ ದಾನೇಶ್ವರಿ ಮೇಡಂ ಓಡಾಡಿ, ಕೃಷ್ಣಾ ಹೊಳೆಯ ದಂಡೆಯ ಗಿರಿಮಲ್ಲಪ್ಪ ಎಂಬ ಹಿರಿಯ ರೈತನನ್ನು ಒಪ್ಪಿಸಿದರು. ಒಂದು ಎಕರೆ ಕಬ್ಬು. ಪೆಟ್ಟಿಗೆ ಹೇಳಿದಾಗ ಮಾತ್ರ ನೀರು. ಫೆಬ್ರುವರಿಯಲ್ಲಿ ಅದೇ ಹೊಲದಲ್ಲಿ ಕ್ಷೇತ್ರೋತ್ಸವ ಮಾಡಿ ಊರವರನ್ನೆಲ್ಲ ಕರೆಯುವುದು. "ಆದದ್ದನ್ನ ಆದಂಗ ಹೇಳತೀನಿ, ಛಲೋ ಆದ್ರ ಛಲೋ, ಕೆಟ್ರ ಕೆಡ್ತು," ಎಂದ ಗಿರಿಮಲ್ಲಪ್ಪ. ಮಾತು ಕಡಿಮೆ, ಆಡಿದರೆ ತಪ್ಪದ ಮನುಷ್ಯ. ಅವನು ಮಾತ್ರ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡುವ ಹಳೆಯ ಪದ್ಧತಿಯವ. ಕಾಶಪ್ಪ ಅದನ್ನು ಕಂಡು ಒಳಗೊಳಗೇ ನಗುತ್ತಿದ್ದ.

ಎಕರೆಯಲ್ಲಿ ಮೂರು ಕಡೆ ಅಲ್ಯುಮಿನಿಯಂ ಕೊಳವೆ ಹುಗಿದರು. ನಾಲ್ಕೂವರೆ ಅಡಿ ಆಳ, ತಳ ಬಂದು, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಮಂಗಳವಾರಕ್ಕೊಮ್ಮೆ ಕಾಶಪ್ಪ ಬಂದು ಪೆಟ್ಟಿಗೆಯ ಸಲಾಕೆಯನ್ನು ಕೊಳವೆಯೊಳಗೆ ಇಳಿಬಿಟ್ಟು, ಒಂದು, ಎರಡು, ಮೂರು, ನಾಲ್ಕನೆಯ ಅಡಿಗೆ ನಿಲ್ಲಿಸಿ ಎಣಿಕೆ ಬರೆದುಕೊಳ್ಳುತ್ತಿದ್ದ. ತಳದ ಅರ್ಧ ಅಡಿ ಖಾಲಿ ಬಿಡುವುದು ನಿಯಮ. ಗಿರಿಮಲ್ಲಪ್ಪನ ತಾಯಿ ಶಿವವ್ವ, ಎಂಬತ್ತು ದಾಟಿದ ಮುದುಕಿ, ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಕೇಳಿದಳು:

"ತಮ್ಮಾ, ಆ ಕೊಳವಿ ಎಲ್ಲಿತನಾ ಹೋಗೇತೋ?"

"ಭೂಮಿತಾಯಿ ಹೊಟ್ಟೀತನಾ ಯವ್ವಾ. ಆಕಿ ಹೊಟ್ಟಿ ತುಂಬೇತೋ ಹಸದೈತೋ ಅಂತ ಈ ಪೆಟ್ಟಿಗಿ ಹೇಳತೈತಿ."

ಮುದುಕಿ ಎರಡೂ ಕೈ ಜೋಡಿಸಿದಳು. ಇಷ್ಟು ಬೇಗ ನಂಬಿದವರು ಅವನ ಸೇವಾವಧಿಯಲ್ಲಿ ಯಾರೂ ಇರಲಿಲ್ಲ, ಕಾಶಪ್ಪ ಉಬ್ಬಿಹೋದ.

ಎಳ್ಳ ಅಮವಾಸ್ಯೆಯ ದಿನ ಗಿರಿಮಲ್ಲಪ್ಪನ ಮನೆಯವರು ಚರಗ ಚೆಲ್ಲಲು ಅವನನ್ನೂ ಕರೆದರು. ಸಜ್ಜೆರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾಹೋಳಿಗೆ, ಮೊಸರನ್ನ. ಅವೆಲ್ಲದರಲ್ಲಿ ತುಸು ತುಸು ಕಲಸಿ, ಭೂಮಿತಾಯಿಗೆಂದು ಹೊಲದ ಸುತ್ತ ಚೆಲ್ಲಿದರು. ಕಾಶಪ್ಪ ತನ್ನ ಪಾಲನ್ನು ತನ್ನ ಹೊಟ್ಟೆಗೇ ಚೆಲ್ಲಿಕೊಂಡು ಬೇವಿನ ಗಿಡದ ಕೆಳಗೆ ಗೊರಕೆ ಹೊಡೆದ. ಅವನು ಮಲಗಿದ್ದಾಗ ಏನೇನಾಯಿತೋ, ಅದು ಅವನಿಗೆ ಗೊತ್ತಿಲ್ಲ.

ಗೊತ್ತಾದದ್ದು ಇಷ್ಟು. ಮುಂದಿನ ಮಂಗಳವಾರ ಹೊಳೆಯ ಕಡೆಯ ಕೊಳವೆಯಲ್ಲಿ, ನಾಲ್ಕನೆಯ ಅಡಿಯ ಎಣಿಕೆ ಮೇಲೇರಿತ್ತು. ಐದು ಸಾವಿರಕ್ಕೆ ಇಳಿದದ್ದು ಆರು ಸಾವಿರ! ನೀರು ಬಿಟ್ಟಿಲ್ಲ, ಮಳೆ ಬಂದಿಲ್ಲ. ಅದರ ಮುಂದಿನ ವಾರ ಇನ್ನೂ ಇನ್ನೂರು ಏರಿತು. ಮಿಕ್ಕೆರಡು ಕೊಳವೆಗಳಲ್ಲಿ ಎಣಿಕೆ ಇಳಿಯುತ್ತಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಕೊಳವೆಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ಇಣುಕುತ್ತಿದ್ದರು. ಕಾಶಪ್ಪ ಆಕಾಶ ನೋಡಿದ, ಹೊಳೆ ನೋಡಿದ, ನಡುವಿನ ನೂರು ಮಾರು ನೆಲ ನೋಡಿದ.

"ಗಿರಿಮಲ್ಲಪ್ಪಣ್ಣಾರ, ಕೃಷ್ಣಿ ಬರಾಕತ್ತಾಳ! ಹೊಳಿ ನೀರು ಒಳಗಿಂದೊಳಗ ಜಿನುಗಿ ನಿಮ್ಮ ಕಬ್ಬಿನ ಬೇರಿಗಿ ಬರಾಕತ್ತೈತಿ. ಮೋಟರ್ ಮುಟ್ಟಬ್ಯಾಡ್ರಿ."

"ಮ್ಯಾಲಿನ ಮಣ್ಣು ಒಣಗೇತಲ್ರಿ."

"ಮ್ಯಾಲಿಂದು ಒಣಗಲಿ. ಬೇರು ಕೆಳಗ ಇಳೀಲಿ."

ಬದುವಿನ ಮೇಲಿದ್ದ ಶಿವವ್ವ, "ಹೊಟ್ಟಿ ತುಂಬೇತಂತೇನೋ ತಮ್ಮಾ?" ಎಂದಳು. "ತುಂಬೇತಿ ಯವ್ವಾ!" ಎಂದ. ಮುದುಕಿಯ ಮುಖ ಅರಳಿತು.

ಕಾಶಪ್ಪ ಇದರ ಮೇಲೆ ಎಂಟು ಪುಟದ ವರದಿ ಬರೆಯಲು ಕೂತ. ತಲೆಬರಹದ ಕೆಳಗೆ ತನ್ನ ಹೆಸರನ್ನು ಮೂರು ಬಗೆಯ ಅಕ್ಷರದಲ್ಲಿ ಬರೆದು ನೋಡಿದ. ದಾನೇಶ್ವರಿ ಮೇಡಂ ಫೋನಿನಲ್ಲಿ, "ಕಾಶಪ್ಪನವರ, ಒಂದ ಸಲ ಆ ಜಾಗದ ಮಣ್ಣು ಕೊರದ ತಗದು, ತೂಕಾ ಮಾಡಿ, ಎಣಿಕಿ ಕೂಡ ಹೋಲಿಸಿ ನೋಡ್ರಿ" ಎಂದರು. ನೋಡತೀನ್ರಿ ಮೇಡಂ ಎಂದ. ನೋಡಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳದ ಪೆಟ್ಟಿಗೆಯನ್ನು ಮಣ್ಣಿನ ಹೆಂಟೆಯಿಂದ ಪರೀಕ್ಷೆ ಮಾಡುವುದೆಂದರೆ ಅದಕ್ಕೆ ಅವಮಾನ ಮಾಡಿದಂತೆ ಅವನಿಗೆ ಅನ್ನಿಸಿತು.

ಫೆಬ್ರುವರಿಯ ಬಿಸಿಲು ಜೋರಾಯಿತು. ಅಕ್ಕಪಕ್ಕದ ಹೊಲಗಳಲ್ಲಿ ನೀರು ನಿಂತು ಕಪ್ಪೆ ಕೂಗುತ್ತಿದ್ದರೆ ಗಿರಿಮಲ್ಲಪ್ಪನ ಎಕರೆಯಲ್ಲಿ ಮಧ್ಯಾಹ್ನಕ್ಕೆ ಎಲೆ ಸುರುಳಿ ಸುತ್ತಿಕೊಳ್ಳತೊಡಗಿತು. ಊರವರು ನಕ್ಕರು. "ಏನ್ರಿ, ಕೃಷ್ಣಾಬಾಯಿ ಯಾವ ಬಸ್ಸಿಗಿ ಬರತಾಳಂತ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರು. ಗಿರಿಮಲ್ಲಪ್ಪ ಅನ್ನಿಸಿಕೊಂಡ, ಮೋಟರು ಮುಟ್ಟಲಿಲ್ಲ. ಕೊಟ್ಟ ಮಾತು. ಅದನ್ನು ಕಂಡು ಕಾಶಪ್ಪನಿಗೆ ಊಟ ಸೇರದಾಯಿತು. ಎಣಿಕೆ ನೋಡಿದರೆ ನಾಲ್ಕನೆಯ ಅಡಿಯಲ್ಲಿ ಹಬ್ಬ, ಕಬ್ಬು ನೋಡಿದರೆ ಉಪವಾಸ.

ಕ್ಷೇತ್ರೋತ್ಸವದ ದಿನ ಬೆಳಿಗ್ಗೆ ಎಂಟಕ್ಕೇ ಅವನು ಹೊಲಕ್ಕೆ ಬಂದ. ಪೆಂಡಾಲು ಎದ್ದಿತ್ತು, ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಕೊನೆಯ ಸಲದ ಎಣಿಕೆಗೆಂದು ಸಲಾಕೆಯನ್ನು ಹೊಳೆಯ ಕಡೆಯ ಕೊಳವೆಗೆ ಇಳಿಬಿಟ್ಟ. ನಾಲ್ಕನೆಯ ಅಡಿಗೆ ತುದಿ ಏನನ್ನೋ ಮುಟ್ಟಿ ಪಚಕ್ಕೆಂದಿತು. ಮೇಲೆಳೆದರೆ ತುದಿ ಒದ್ದೆ!

"ಬಂದಳು! ನಮ್ಮವ್ವ ಕೃಷ್ಣಿ ಬಂದಳು!" ಎಂದು ಕಾಶಪ್ಪ ಕೂಗಿಯೇ ಬಿಟ್ಟ. ಆಮೇಲೆ ಮೂಗಿಗೆ ವಾಸನೆ ಬಡಿಯಿತು. ಹುಳಿ ವಾಸನೆ. ಸಲಾಕೆಯ ತುದಿಗೆ ಬಿಳಿಯದೇನೋ ಮೆತ್ತಿಕೊಂಡಿತ್ತು, ಅದರಲ್ಲಿ ಎರಡು ಎಳ್ಳು, ಒಂದು ಶೇಂಗಾದ ಬೇಳೆ. ಕೊಳವೆಯ ಬಾಯಿಯಿಂದ ಇರುವೆಗಳು ಸಾಲು ಹಿಡಿದು ಬದುವಿನ ಕಡೆ ಹೊರಟಿದ್ದವು. ಬದುವಿನ ಮೇಲೆ ಶಿವವ್ವ ಕೂತಿದ್ದಳು, ಕೈಯಲ್ಲಿ ಗಿಂಡಿಯಂಥ ಸಣ್ಣ ಮಿಳ್ಳಿ.

"ಯವ್ವಾ," ಎಂದ ಕಾಶಪ್ಪ. "ಇದರಾಗ ಏನಾರ ಹಾಕಿಯೇನು?"

"ಹೂಂ ಮತ್ತ! ಅಮಾಸಿ ದಿನಾ ಚರಗಾ ಹಾಕೀನಿ. ಸುತ್ತ ಚೆಲ್ಲಿದ್ದು ಹಕ್ಕಿಪಕ್ಕಿ ತಿಂತಾವು. ಇಲ್ಲಿ ಹಾಕಿದ್ದು ಸೀದಾ ತಾಯಿ ಹೊಟ್ಟಿಗಿ. ಸೋಮಾರಕ್ಕೊಮ್ಮಿ ಒಂದ ಮಿಳ್ಳಿ ಮಜ್ಜಿಗಿ. ಬಿಸಲ ಐತಲ್ಲ, ಒಣಾ ಕಡುಬು ಗಂಟಲಕ್ಕ ಹಿಡಿಯಂಗಿಲ್ಲೇನು?" ಮುದುಕಿ ನಕ್ಕಳು. "ನಿನ್ನ ಪೆಟ್ಟಿಗಿ ಭಾಳ ಶಾಣ್ಯಾ ಐತಿ ಬಿಡೋ ತಮ್ಮಾ. ನಾ ಸೋಮಾರ ಹಾಕೀನಿ, ಅದು ಮಂಗಳಾರ ಹೊಟ್ಟಿ ತುಂಬೇತಿ ಅಂತ ಹೇಳೇತಿ. ಒಂದ ವಾರಾನೂ ತಪ್ಪಿಲ್ಲ."

ಕಾಶಪ್ಪ ಸಲಾಕೆ ಒರೆಸುತ್ತ ಅಲ್ಲೇ ಕೂತ. ತಪ್ಪಿಲ್ಲ, ಖರೆ. ಕಡುಬಿನ ಎಣ್ಣೆಯಲ್ಲೂ ಹೈಡ್ರೋಜನ್, ಮಜ್ಜಿಗೆಯಲ್ಲೂ ಹೈಡ್ರೋಜನ್. ನ್ಯೂಟ್ರಾನಿಗೆ ಕೃಷ್ಣೆಯಾದರೇನು, ಕಡಗೋಲಿನ ಮಜ್ಜಿಗೆಯಾದರೇನು? ಎರಡರಲ್ಲೂ ಡಿಕ್ಕಿ ಹೊಡೆದು ಮೆತ್ತಗಾಗಿ ತಿರುಗಿ ಬಂದಿದೆ, ಪೆಟ್ಟಿಗೆ ನಿಯತ್ತಿನಿಂದ ಎಣಿಸಿದೆ. ಬೇರು ಕುಡಿಯುವ ನೀರಾಗಿದ್ದರೆ ವಾರ ವಾರಕ್ಕೆ ಎಣಿಕೆ ಇಳಿಯಬೇಕಿತ್ತು. ಇಳಿಯದ್ದನ್ನು ಕಂಡೂ ಅವನು ಕೇಳಲಿಲ್ಲ. ಒಂದು ಹಿಡಿ ಮಣ್ಣು ತೆಗೆದು ನೋಡಿದ್ದರೆ ಸಾಕಿತ್ತು. ಬಟ್ಟಿ ಮುಟ್ಟಿ ನೋಡು ಎಂದಿದ್ದ ಅಪ್ಪ.

ಕೊಳವೆಯನ್ನು ಒರೆಸಿ ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಮನಸ್ಸು ಒಂದು ಗಳಿಗೆ ಪಿಸುಗುಟ್ಟಿತು. ಹಾಗೆ ಮಾಡಿದರೆ ಗಿರಿಮಲ್ಲಪ್ಪ ಎದ್ದುನಿಂತು ಆದದ್ದನ್ನು ಆದಂತೆ ಹೇಳುತ್ತಾನೆ: ಪೆಟ್ಟಿಗೆ ನಂಬಿ ಕಬ್ಬು ಒಣಗಿಸಿಕೊಂಡೆ. ಮುಂದೆ ಆ ದಂಡೆಯಲ್ಲಿ ಯಾರೂ ಮೋಟರು ಆರಿಸುವುದಿಲ್ಲ. ಕಾಶಪ್ಪನಿಗೆ ನಾಚಿಕೆಯಿಂದ ಅಳು ಬಂತು. ಎದ್ದು ಹೋಗಿ, ಮೊದಲು ಗಿರಿಮಲ್ಲಪ್ಪನಿಗೆ ಎಲ್ಲ ಹೇಳಿ, ಮೋಟರು ತಾನೇ ಚಾಲು ಮಾಡಿ ಬಂದ. ಗಿರಿಮಲ್ಲಪ್ಪ ತಾಯಿಯ ಕಡೆ ನೋಡಿ ಮೀಸೆ ತಿರುವಿದ.

ಪೆಂಡಾಲಿನಲ್ಲಿ ಅರವತ್ತು ಎಪ್ಪತ್ತು ಜನ. ಕೊನೆಯ ಸಾಲಿನಲ್ಲಿ ಹೆಂಗಸರ ನಡುವೆ ಕಾಂಚನಾ. ಸವತಿಯನ್ನು ಕಳಿಸಿಕೊಡಲು ಬಂದೆ ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡಿದ್ದಳು. ಉಪ್ಪಿಟ್ಟನ್ನು ಭಾಷಣಕ್ಕಿಂತ ಮೊದಲೇ ಹಂಚಿದ್ದು ದೊಡ್ಡ ತಪ್ಪಾಯಿತು. ದಾನೇಶ್ವರಿ ಮೇಡಂ ಸ್ವಾಗತ ಹೇಳಿ ಮುಗಿಸುವುದರಲ್ಲಿ ಅರ್ಧ ಮಂದಿ ಅಂಚಿನಿಂದ ಜಾರಿದ್ದರು. ಚಹಾ ಆದ ಮೇಲೆ ಉಳಿದ ಅರ್ಧದಲ್ಲಿ ಅರ್ಧ. ಕಾಶಪ್ಪ ಮೈಕಿನ ಮುಂದೆ ನಿಂತು ನೋಡಿದ. ಬೈಕಿನ ಕೀಲಿಕೈ ತಿರುಗಿಸುತ್ತಿದ್ದ ಅವಸರದವರೆಲ್ಲ ಹೋಗಿ, ಉಳಿದ ಹದಿನೈದಿಪ್ಪತ್ತು ಮಂದಿ ಕಾಲು ಚಾಚಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಮೇಣದ ದಿಮ್ಮಿ ನೆನಪಾಗಿ, ಆ ದುಃಖದಲ್ಲೂ ಅವನಿಗೆ ನಗು ಬಂತು.

"ತಪ್ಪು ನಂದು," ಎಂದು ಶುರು ಮಾಡಿದ. "ಕೃಷ್ಣಿ ಬಂದಿಲ್ಲ. ಕೊಳವ್ಯಾಗ ಯಾರೋ ಒಂದೀಟು ಚರಗಾ, ಮಜ್ಜಿಗಿ ಹಾಕಿದ್ದರು. ಪೆಟ್ಟಿಗಿ ಅದನ್ನ..."

"ಯಾರೋ ಅಂತೀಯಲ್ಲೋ!" ಹೆಂಗಸರ ಕಡೆಯಿಂದ ಶಿವವ್ವ ಎದ್ದಳು. "ನಾನ ಹಾಕೀನಿ. ಭಕ್ತೀಲೆ ಹಾಕೀನಿ, ಕಳವಿಲೆ ಹಾಕಿಲ್ಲ."

ಪೆಂಡಾಲು ನಗೆಯಿಂದ ಅಲುಗಿತು. ಕಾಶಪ್ಪ ತಲೆ ತಗ್ಗಿಸಿ ಮುಂದುವರಿಸಿದ. "ಅವ್ವಂದು ತಪ್ಪಿಲ್ರಿ. ನಾ ಎಣಿಕಿ ನೋಡಿದ್ನಿ, ಮಣ್ಣು ಮುಟ್ಟಲಿಲ್ಲ. ಗಿರಿಮಲ್ಲಪ್ಪಣ್ಣಾರ ಕಬ್ಬು ನನ್ನ ಸೊಕ್ಕಿಗಿ ಬಾಡೇತಿ. ನನ್ನ ಬೈರಿ, ಪೆಟ್ಟಿಗಿ ಬೈಬ್ಯಾಡ್ರಿ." ಮೈಕು ಕೊಟ್ಟು ಕೂತ.

ಗಿರಿಮಲ್ಲಪ್ಪ ಮೈಕು ಮುಟ್ಟಲಿಲ್ಲ, ಅವನ ಗಂಟಲಿಗೆ ಅದು ಬೇಕಿರಲಿಲ್ಲ.

"ಕಬ್ಬು ಬಾಡೇತಿ, ಖರೆ. ಮೋಟರ್ ಬಿಟ್ಟೇವಿ, ಎಂಟ ದಿನದಾಗ ಎದ್ದು ಕುಂಡರತೈತಿ. ನಾ ಹೇಳೂದು ಬ್ಯಾರೇನ ಐತಿ. ನಮ್ಮವ್ವ ನಾಲ್ಕೂವರಿ ಅಡಿ ಆಳದಾಗ ಹಾಕಿದ ಒಂದ ಮಿಳ್ಳಿ ಮಜ್ಜಿಗಿ ನನಗ ಗೊತ್ತಿದ್ದಿಲ್ಲ, ನನ್ನ ಹೆಂಡತಿಗಿ ಗೊತ್ತಿದ್ದಿಲ್ಲ. ಈ ಪೆಟ್ಟಿಗಿಗಿ ಗೊತ್ತಾಗೇತಿ. ವಾರ ವಾರ ಎಷ್ಟೆಷ್ಟು ಹಾಕ್ಯಾಳ ಅನ್ನೂದೂ ಗೊತ್ತಾಗೇತಿ. ಮಿಳ್ಳಿ ಮಜ್ಜಿಗಿ ಹಿಡಿಯೂ ಪೆಟ್ಟಿಗಿ, ನಾವು ಹಗಲೂರಾತ್ರಿ ಬಿಡೂ ನೀರು ಹಿಡಿಲಾರದೇನ್ರೋ? ಇಷ್ಟು ವರ್ಷ ಅದು ನಮ್ಮ ಹೊಲದಾಗ ನೀರು ಹೆಚ್ಚಾಗೇತಿ ಅಂತ ಒದರಾಕತ್ತಿತ್ತು. ನಾವು ಚಹಾ ಕುಡಿಸಿ ಕಳಿಸಿದ್ವಿ."

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮುತ್ತಪ್ಪ, ಮೂರು ಎಕರೆ ಸವಳಿಗೆ ಕಳೆದುಕೊಂಡವನು, ಎಲೆಯಡಿಕೆ ಉಗುಳಿ ಬಂದು ಕೇಳಿದ: "ಕಾಶಪ್ಪನವರ, ನಮ್ಮ ಹೊಲಕ್ಕ ಎಂದ ತರತೀರಿ ಪೆಟ್ಟಿಗಿ?"

ಅವನ ಹಿಂದೆ ಇನ್ನೊಬ್ಬ, "ನಮ್ಮಲ್ಲೂ ಒಂದ ಕೊಳವಿ ಹುಗೀರಿ." ಮತ್ತೊಬ್ಬ. ಇನ್ನೊಬ್ಬ.

ಇಪ್ಪತ್ತೇಳು ವರ್ಷ ಕಾಶಪ್ಪ ಈ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡಿದ್ದ. ಈಗ ಆ ಉತ್ತರಕ್ಕೆ ಹೊತ್ತು ಮೀರಿತ್ತು. "ನಾಳಿ ಬೆಳಿಗ್ಗೆ ಇದು ಮುಂಬೈಗಿ ಹೊಂಟೈತ್ರಿ," ಎಂದ. "ಇನ್ನ ಬರಂಗಿಲ್ಲ."

ಕೊನೆಯ ಸಾಲಿನಲ್ಲಿ ಕಾಂಚನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ವರ್ಷ ಹಂಗಿಸಿದ್ದೆಲ್ಲ ತಮಾಷೆಗೆ. ಆಮೇಲೆ ಎದ್ದು ನಿಂತು ಎಲ್ಲರೆದುರಿಗೇ ಹೇಳಿದಳು: "ನಾಳಿ ಹೋಗತಾಳಲ್ರಿ? ಇವತ್ತು ಇನ್ನೂ ಹೊತ್ತು ಮುಳುಗಿಲ್ಲ. ಆಕಿಗಿ ಗೊತ್ತಿದ್ದದ್ದು ಇವರ ಕೈಯಾಗ ಹಾಕಿ ಕಳಸ್ರಿ."

ಕಾಶಪ್ಪ ಹೆಂಡತಿಯನ್ನೇ ನೋಡಿದ. ನಂತರ ಜೀಪಿಗೆ ಓಡಿ, ಮಣ್ಣು ಕೊರೆಯುವ ಬೈರಿಗೆ ತಂದ. ಮೇಡಂ ತಿಂಗಳ ಹಿಂದೆಯೇ ಬಳಸಲು ಹೇಳಿದ್ದ ಬೈರಿಗೆ ಅದೇ. ಮುದುಕಿ ಮುಟ್ಟದ ಎರಡು ಕೊಳವೆಗಳಿದ್ದವಲ್ಲ, ಬೆಳಿಗ್ಗೆ ಬಿಟ್ಟ ನೀರು ಇನ್ನೂ ತಲುಪದ ಆ ಕಡೆಗೆ ಎಲ್ಲರನ್ನೂ ಕರೆದೊಯ್ದ. ಪೆಟ್ಟಿಗೆಯ ಸಲಾಕೆ ಒಂದೊಂದು ಅಡಿಗೆ ಇಳಿಸಿ ಎಣಿಕೆ ಕೂಗುವುದು, ಅದೇ ಅಡಿಯ ಮಣ್ಣನ್ನು ಪಕ್ಕದಲ್ಲಿ ಕೊರೆದು ತೆಗೆದು ಎಲ್ಲರ ಕೈಗೂ ಒಂದೊಂದು ಹಿಡಿ ಹಾಕುವುದು.

"ಇದು ಮೂರ ಸಾವಿರ. ಹಿಚುಕ್ರಿ. ಪುಡಿ ಆತಿಲ್ಲ? ಇಲ್ಲೀತನಾ ಬಿಡಬ್ಯಾಡ್ರಿ. ಇದು ನಾಕ ಸಾವಿರ. ಉಂಡಿ ಆಕ್ಕೈತಿ, ಬೆರಳಿಲೆ ಒತ್ತಿದ್ರ ಒಡೀತೈತಿ. ಮೋಟರ್ ಚಾಲೂ ಮಾಡೂದು ಇಲ್ಲಿ. ಇದು ಐದ ಸಾವಿರ. ಕೈಗಿ ತಂಪ ಹತ್ತಿತ? ಕರೆಂಟ್ ಬರಲಿ, ಯಾರರ ಬರಲಿ, ಕೈ ಕಟಗೊಂಡು ಕುಂಡರ್ರಿ."

ಹೊತ್ತು ಇಳಿಯುವವರೆಗೂ ಅದೇ ನಡೆಯಿತು. ಮುತ್ತಪ್ಪ ಕಣ್ಣು ಮುಚ್ಚಿ ಹಿಚುಕಿ ಎಣಿಕೆ ಹೇಳುವುದು, ಉಳಿದವರು ಪಂಥ ಕಟ್ಟುವುದು, ಪೆಟ್ಟಿಗೆ ತೀರ್ಪು ಕೊಡುವುದು. ಕಾಶಪ್ಪನೂ ಹಿಚುಕಿದ. ಐದು ಸಾವಿರ ಎಂಬುದನ್ನು ಜೀವಮಾನವಿಡೀ ಬರೆದಿದ್ದ, ಅದು ಕೈಗೆ ಹೀಗಿರುತ್ತದೆ ಎಂದು ಅವನಿಗೆ ಆ ದಿನವೇ ಗೊತ್ತಾದದ್ದು. ಉಗುರಿನ ಸಂದಿಗೆಲ್ಲ ಎರೆಮಣ್ಣು ಹೊಕ್ಕಿತ್ತು.

ಶಿವವ್ವನೂ ಕೈ ಚಾಚಿದಳು. ಹಿಡಿ ಮಣ್ಣನ್ನು ಹಿಚುಕಿ, ಮೂಸಿ, "ನಾಕರ ಮ್ಯಾಲ ಐತಿ, ಐದರ ಕೆಳಗ ಐತಿ" ಎಂದಳು. ಕಾಶಪ್ಪ ಸಲಾಕೆ ಇಳಿಬಿಟ್ಟ. ಪರದೆಯ ಮೇಲೆ ನಾಲ್ಕು ಸಾವಿರದ ಆರುನೂರು.

ಪೆಟ್ಟಿಗೆಯನ್ನು ಜೀಪಿಗೆ ಏರಿಸುವಾಗ ಮುದುಕಿ ಸಣ್ಣ ಡಬ್ಬಿ ಹಿಡಿದು ಹತ್ತಿರ ಬಂದಳು. ಅದರಲ್ಲಿ ಎರಡು ಶೇಂಗಾಹೋಳಿಗೆ.

"ಮುಂಬೈತನಾ ಹೊಂಟೈತಿ ಅಂತೀ. ಇದರ ಬಾಯಿ ಎಲ್ಲೈತಿ ತಮ್ಮಾ?"

"ಇದಕ್ಕ ಬಾಯಿ ಇಲ್ಲ ಯವ್ವಾ," ಎಂದ ಕಾಶಪ್ಪ. ಅವನ ಕಣ್ಣು ತುಂಬಿದ್ದವು.

"ಬಾಯಿ ಇಲ್ಲದ್ದು ಇಷ್ಟು ವರ್ಷ ಒದರೇತೇನು?" ಎಂದು ಮುದುಕಿ ಡಬ್ಬಿಯನ್ನು ಕಾಂಚನಾಳ ಕೈಗೆ ಕೊಟ್ಟಳು. "ಹಂಗಾರ ನೀವಿಬ್ಬರೂ ತಿನ್ರಿ."

ಕೇಂದ್ರದವರೆಗೂ ಕಾಂಚನಾ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಬಂದಳು. ಎರಡು ಕೀಲಿ ಹಾಕುವ ಮೊದಲು ಕಾಶಪ್ಪ ಎದೆಯ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟ. ಬನಹಟ್ಟಿಯ ಬಸ್ಸಿನಲ್ಲಿ ಅವನು ಯಾರಿಗೂ ನ್ಯೂಟ್ರಾನಿನ ಕತೆ ಹೇಳಲಿಲ್ಲ. ಹೋಳಿಗೆ ಮುರಿದು ದೊಡ್ಡ ತುಂಡನ್ನು ಹೆಂಡತಿಗೆ ಕೊಟ್ಟ.